ಮಾರುತಿಯ ಮೌನಕ್ಕೆ ಮಂಗಳಾರತಿ

ಸೋಮವಾರ ಬೆಳಿಗ್ಗೆ ಯಶೋದಾಬಾಯಿ ಕಸಬರಿಗೆ ಹಿಡಿದು ಪಡಸಾಲೆಗೆ ಬಂದರೆ, ಗುಡಿಸಬೇಕಾದ ನೆಲದ ತುಂಬ ಜನ ಕೂತಿದ್ದರು. ಜನ ಅವಳ ಗಂಡನನ್ನು ನೋಡುತ್ತಿದ್ದರು. ಗಂಡ ಗೋಡೆ ನೋಡುತ್ತಿದ್ದ. ಗೋಡೆಯ ಮೇಲೆ ನೋಡುವಂಥದ್ದೇನೂ ಇರಲಿಲ್ಲ. ಹಳೇ ಕ್ಯಾಲೆಂಡರ್ ತೆಗೆದ ಜಾಗದಲ್ಲಿ ಒಂದು ಮೊಳೆ ಇತ್ತು, ಅಷ್ಟೆ.

“ಏಳ್ರಿ, ಕಸಾ ಹೊಡೀಬೇಕು.”

ಯಾರೂ ಏಳಲಿಲ್ಲ. ಎಲ್ಲರಿಗಿಂತ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ತುಳಜಾರಾಮ ತುಟಿಗೆ ಬೆರಳಿಟ್ಟ. “ಶ್ಶ್! ಮಹಾರಾಜರು ಧ್ಯಾನದಾಗ ಅದಾರ.”

“ಧ್ಯಾನ ಅಲ್ರಿ ಅಣ್ಣಾರ. ಮಾರಿ ತೊಳ್ಕೊಂಡಿಲ್ಲ ಅವರು. ನಿನ್ನೆನೂ ತೊಳ್ಕೊಂಡಿಲ್ಲ.”

“ಆಹಾಹಾ!” ತುಳಜಾರಾಮ ಮಂದಿಯ ಕಡೆ ತಿರುಗಿದ. “ಕೇಳಿದ್ರೇನು? ದೇಹದ ಮ್ಯಾಲಿನ ಅಭಿಮಾನನೇ ಹೋಗ್ಯಾದ!”

ಮಂದಿ ಕೈ ಮುಗಿಯಿತು. ಯಶೋದಾಬಾಯಿ ಕಸಬರಿಗೆಯನ್ನು ಮೂಲೆಗೆ ಒಗೆದು ಒಳಗೆ ಹೋದಳು.

ಮಹಾರಾಜರೆಂದರೆ ಮತ್ತ್ಯಾರೂ ಅಲ್ಲ, ಬಸವಕಲ್ಯಾಣದ ಬಸ್‌ಸ್ಟ್ಯಾಂಡ್ ಕಡೆಯ ರಸ್ತೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ ಮಾರುತಿ. ಸುತ್ತಲ ಹಳ್ಳಿಗಳಲ್ಲಿ ಬೋರ್‌ವೆಲ್ ಮೋಟರು ಸುಟ್ಟರೆ ಅದರ ಹೊಟ್ಟೆ ಬಗೆದು, ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ಅವನ ಕಸುಬು. ಕೈ ತಂತಿ ಸುತ್ತುತ್ತಿದ್ದರೆ ಬಾಯಿ ಊರು ಸುತ್ತುತ್ತಿತ್ತು. ಅಂಥ ಮನುಷ್ಯ ಎಳ್ಳಮವಾಸ್ಯೆಯ ದಿನ ಭಾವನ ಹೊಲದಲ್ಲಿ ಎಲ್ಲರ ಜೊತೆ ಊಟಕ್ಕೆ ಕೂತು, ವರ್ಷವಿಡೀ ಕಾದು ತಿನ್ನುವ ಕಾಳು-ಸೊಪ್ಪಿನ ಭಜ್ಜಿಯನ್ನು ಮುಟ್ಟದೆ ಎದ್ದ. ಹೊಟ್ಟೆ ಸರಿಯಿಲ್ಲ ಎಂದುಕೊಂಡರು. ಆಮೇಲೆ ಮಾತು ಕಡಿಮೆಯಾಯಿತು. ಗಂಟಲು ಸರಿಯಿಲ್ಲ ಎಂದುಕೊಂಡರು. ತಂತಿ ಸುತ್ತುವಾಗ ಲೆಕ್ಕ ತಪ್ಪಿ ಬಿಚ್ಚಿ ಮತ್ತೆ ಸುತ್ತಿ ಮತ್ತೆ ತಪ್ಪಿದ. ಕಣ್ಣು ಸರಿಯಿಲ್ಲ ಎಂದು ಕನ್ನಡಕ ಬದಲಿಸಿದರು. ಮನುಷ್ಯನ ಒಂದೊಂದೇ ಬಿಡಿಭಾಗ ಬಿಚ್ಚಿ ನೋಡಿದ್ದಾಯಿತು. ಸುಟ್ಟದ್ದು ಎಲ್ಲಿ ಅಂತ ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಶಿವರಾತ್ರಿಯ ಹೊತ್ತಿಗೆ, ರೈತರ ಮೋಟರುಗಳು ಸಾಲುಗಟ್ಟಿ ಸುಡುವ ಕಾಲದಲ್ಲಿ, ಅಂಗಡಿಯ ಶಟರ್ ಕೆಳಗಿಳಿಯಿತು. ಮಾರುತಿ ಪಡಸಾಲೆಯಲ್ಲಿ ಕೂತ. ಗಡ್ಡ ತಾನಾಗಿ ಬೆಳೆಯಿತು.

ಬೇರೆ ಊರಲ್ಲಾಗಿದ್ದರೆ ಗಡ್ಡ ಬಿಟ್ಟು ಸುಮ್ಮನೆ ಕೂತವನನ್ನು ಸೋಮಾರಿ ಎಂದು ಬೈಯುತ್ತಿದ್ದರು. ಕಲ್ಯಾಣದಲ್ಲಿ ಹಾಗಲ್ಲ. ಇಲ್ಲಿ ಸುಮ್ಮನೆ ಕೂತವನ ಬಗ್ಗೆ ಜನ ಸುಮ್ಮನಿರುವುದಿಲ್ಲ.

ಮೊದಲು ಸಿಕ್ಕಿಬಿದ್ದವನು ರಾಜೇಶ್ವರದ ಪಂಡರಿ. ಸುಟ್ಟ ಮೋಟರನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಬಂದ ಆ ರೈತ, ಶಟರ್ ಮುಚ್ಚಿದ್ದು ಕಂಡು ಮನೆಗೇ ಬಂದಿದ್ದ. ಬಂದವನು ಮೋಟರಿನ ಗೋಳು ಮುಗಿಸಿ ಅಣ್ಣನ ಜೊತೆಗಿನ ಬದುವಿನ ಜಗಳದ ಗೋಳು ಶುರುಮಾಡಿದ. “ಕೋರ್ಟಿಗಿ ಹೋಗ್ಲೇನು, ಮಾರುತಣ್ಣಾ?” ಎಂದು ಕೇಳಿದ. ಮಾರುತಿ ಬಹಳ ಹೊತ್ತಿನ ಮೇಲೆ “ಬಿಡು” ಎಂದ. ಮೋಟರ್ ವಿಷಯಕ್ಕೆ ಅಂದನೋ, ಬದುವಿನ ವಿಷಯಕ್ಕೆ ಅಂದನೋ, ತನ್ನ ಪಾಡಿಗೆ ತನ್ನನ್ನು ಬಿಡು ಅಂದನೋ! ಪಂಡರಿ ಬದು ಬಿಟ್ಟ. ಮರುವಾರ ಅಣ್ಣ ತಾನಾಗಿ ಬಂದು ರಾಜಿಯಾದ. ಅಷ್ಟು ಸಾಕಾಯಿತು.

ಆ ಸುದ್ದಿಗೆ ಕೈಕಾಲು ಕೊಟ್ಟವನು ಪಕ್ಕದ ಮನೆಯ ತುಳಜಾರಾಮ. ಸಕ್ಕರೆ ಕಾರ್ಖಾನೆಯಲ್ಲಿ ಟೈಮ್‌ಕೀಪರ್ ಆಗಿ ರಿಟೈರಾದವನು. ಈಗ ಅವನ ಹತ್ತಿರ ಟೈಮ್ ಬಿಟ್ಟರೆ ಬೇರೇನೂ ಇರಲಿಲ್ಲ. ಗಲ್ಲಿಯ ಭಜನಾ ಮಂಡಳಿಗೆ ಅವನೇ ಮುಖ್ಯಸ್ಥ. ಮಾರುತಿ ಇಡೀ ದಿನದಲ್ಲಿ ಹೆಚ್ಚಾಗಿ ಆಡುತ್ತಿದ್ದದ್ದು “ಬ್ಯಾಡ”, “ಬಿಡು”, “ಏನಾದ್ರೇನು” ಎಂಬಿಷ್ಟೇ. ತುಳಜಾರಾಮ ಈ ಒಂದೊಂದಕ್ಕೂ ಅರ್ಧರ್ಧ ತಾಸು ಅರ್ಥ ಹೇಳುತ್ತಿದ್ದ.

ಒಳಗೆ ಹೋದ ಯಶೋದಾಬಾಯಿ ಹುಮನಾಬಾದಿಗೆ ಫೋನ್ ಹಚ್ಚಿದಳು. ಅಲ್ಲಿ ಅವಳ ಅಕ್ಕನ ಮಗಳು ವರ್ಷಾ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸ್ ಆಗಿದ್ದಳು.

“ಮೌಶಿ, ಕಾಕಾಗ ನಿದ್ದಿ ಹತ್ತತದೇನು?”

“ಕೋಳಿ ಕೂಗೂಕಿಂತ ಮೊದಲ ಎದ್ದು ಕುಂಡರ್ತಾರ. ತುಳಜಾರಾಮಣ್ಣ ಅದಕ ಬ್ರಾಹ್ಮೀ ಮುಹೂರ್ತ ಅಂತಾನ.”

“ಊಟ?”

“ಅರ್ಧಾ ರೊಟ್ಟಿ. ಅದಕ ಏಕಭುಕ್ತ ಅಂತಾನ.”

“ಮಾತು?”

“ಮೌನವ್ರತ ಅಂತ.”

“ಯಾವುದರಾಗರ ಮನಸು ಅದೇನು? ಟಿವಿ, ಕ್ರಿಕೆಟ್, ಅಂಗಡಿ?”

“ಯಾತರಾಗೂ ಇಲ್ಲ. ಅದಕ...” ಯಶೋದಾಬಾಯಿಗೆ ಸಿಟ್ಟು ಬಂದರೆ ಸಿಟ್ಟು ಬರಿಸಿದವರ ದನಿ ತಾನಾಗಿ ಗಂಟಲಿಗೆ ಬರುತ್ತಿತ್ತು. ಮೂಗಿನಲ್ಲಿ ಉಸಿರು ಹಿಡಿದು, ಕತ್ತು ಓರೆ ಮಾಡಿ ತುಳಜಾರಾಮನಾದಳು: “‘ಆಹಾಹಾ! ಆಶಾ-ಪಾಶ ಹರದು ಹ್ವಾದವು!’ ನನ್ನ ಜೀವ ಹರದು ಹೊಂಟದ, ಅದು ಯಾರಿಗೂ ಕಾಣವಲ್ದು.”

ವರ್ಷಾ ನಗಲಿಲ್ಲ. “ಮೌಶಿ, ಇದು ಖಿನ್ನತೆ ಇದ್ದಂಗ ಕಾಣತದ. ಡಿಪ್ರೆಶನ್.”

“ಏ, ಅವರು ಒಂದು ಹನಿ ಕಣ್ಣೀರು ಹಾಕಿಲ್ಲಲೇ!”

“ಎಲ್ಲಾರೂ ಅಳಂಗಿಲ್ಲ. ಕೆಲವರು ಮಾತ ಬಿಡ್ತಾರ, ಕೆಲವರು ಮಾತಿಗೊಮ್ಮಿ ಸಿಡೀತಾರ. ಕೆಲವರು ಹಗಲೂ ರಾತ್ರಿ ಬರೇ ಮಲಗತಾರ. ಒಂದ ನಮೂನಿ ಇರೂದಿಲ್ಲ ಅದು.”

“ಅವರಿಗೇನ್ ಕಮ್ಮಿ ಆಗ್ಯಾದ ಅಂತೀನಿ? ಅಂಗಡಿ ಅದ, ಸಾಲ ಇಲ್ಲ ಸೋಲ ಇಲ್ಲ. ಮಗಳು ಬೀದರಿನ ಹಾಸ್ಟೆಲ್‌ನಾಗ ಛಲೋ ಓದಾಕತ್ತಾಳ.”

“ಶುಗರ್ ಬಂದವರ ಮನ್ಯಾಗ ಸಕ್ಕರಿ ಡಬ್ಬಿ ಖಾಲಿ ಆಗಿರ್ತದೇನು ಮೌಶಿ? ಬೀಮಾರಿ ಅದು. ಮಂಗಳವಾರಕ್ಕೊಮ್ಮಿ ನಮ್ಮಲ್ಲಿ ಮನಸಿನ ಡಾಕ್ಟರ್ ಬರ್ತಾರ. ಕರ್ಕೊಂಡ್ ಬಾ.”

“ನಾಳೆ ಆಗಂಗಿಲ್ಲ. ತುಳಜಾರಾಮಣ್ಣ ಪಾದಪೂಜಿ ಇಟ್ಟಾನ. ರಾಜೇಶ್ವರದಿಂದ ಮಂದಿ ಬರೋರದಾರ. ಮುಂದಿನ ಮಂಗಳವಾರ ನೋಡೋಣ.”

ಮುಂದಿನ ಮಂಗಳವಾರ ಎಂದು ಮುಂದೂಡಿ ಅವಳು ಫೋನ್ ಕೆಳಗಿಡುವಷ್ಟರಲ್ಲಿ ಹೊರಗೆ ದನಿಯೆದ್ದಿತು. ಅಬ್ದುಲ್ ರಜಾಕ್ ಬಂದಿದ್ದ. ಮಾರುತಿಯ ಅಂಗಡಿಯ ಎದುರು ಸಾಲಿನಲ್ಲೇ ಅವನದೂ ವೈಂಡಿಂಗ್ ಅಂಗಡಿ. ಗಿರಾಕಿಗಾಗಿ ಇಬ್ಬರೂ ಕಿತ್ತಾಡುತ್ತಿದ್ದರು, ಚಹಾ ಮಾತ್ರ ಒಂದೇ ಕೆಟಲಿನಿಂದ ಕುಡಿಯುತ್ತಿದ್ದರು. ರಜಾಕ್ ಎರಡೂ ಕೈಯಲ್ಲಿ ಒಂದು ಗೋಣಿಚೀಲ ಹಿಡಿದು, ಕೂತವರ ನಡುವೆ ದಾರಿ ಮಾಡಿಕೊಂಡು ಒಳಗೆ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಇಳಿಸಿದ. ಒಳಗಿದ್ದದ್ದು ತಂತಿ ಸುತ್ತುವ ಕೈಯಂತ್ರ, ಟೆಸ್ಟರ್, ಮರದ ಸುತ್ತಿಗೆ, ಹಿಡಿಕೆಗೆ ಕೆಂಪು ಟೇಪ್ ಸುತ್ತಿದ ಕಟಿಂಗ್ ಪ್ಲೇಯರ್.

“ಭಾಭಿ, ಇವು ವಾಪಸ್ ಇಟ್ಕೊಳ್ರಿ. ನಿನ್ನಿ ಸಂಜೀಕ ಮಾರುತಿ ಬಂದು ನನ್ನ ಅಂಗಡ್ಯಾಗ ಇಟ್ಟು ಹೋಗ್ಯಾನ. ‘ಯಾಕೋ?’ ಅಂದ್ರ, ‘ನನಗಿನ್ನ ಬೇಕಾಗಂಗಿಲ್ಲ, ಮನೀಕಡಿ ಒಂದೀಟು ನೋಡ್ಕೋ’ ಅಂದ. ಈ ಪ್ಲೇಯರ್ ಒಂದು ತಾಸು ಕೊಡಲೇ ಅಂದ್ರ ನನ್ನ ಖಾಂದಾನಿನ ಸುದ್ದಿ ತೆಗದು ಬೈತಿದ್ದ ಅವ. ನನಗ ಫಿಕರ್ ಆಗ್ಯಾದ್ರಿ.”

ಕಿವಿ ಇತ್ತ ಇಟ್ಟಿದ್ದ ತುಳಜಾರಾಮ ಪಡಸಾಲೆಯಿಂದಲೇ ಕೂಗಿದ: “ಆಹಾಹಾ! ಸರ್ವಸಂಗ ಪರಿತ್ಯಾಗ! ವೈರ್ ಬಿಟ್ಟವಗ ವೈರಾಗ್ಯ ಬರ್ಲಾರದ ಇರ್ತದೇನು?”

“ಚಚಾ, ಜರಾ ಸುಮ್ನಿರ್ರಿ,” ಎಂದ ರಜಾಕ್. ಯಶೋದಾಬಾಯಿ ಆ ಪ್ಲೇಯರ್ ಎತ್ತಿಕೊಂಡಳು. ಬೆವರಿಗೆ ಕಪ್ಪಾದ ಟೇಪು. ಬೆಳಗಿನಿಂದ ಇದ್ದ ಸಿಟ್ಟು ಎಲ್ಲಿ ಹೋಯಿತೋ! ಮತ್ತೆ ವರ್ಷಾಳಿಗೆ ಫೋನ್ ಹಚ್ಚಿದಳು. ಈ ಸಲ ವರ್ಷಾಳ ದನಿ ನರ್ಸಿನದಾಗಿತ್ತು.

“ಮೌಶಿ, ನೀಟ ಕೇಳು. ಪ್ರೀತಿ ಸಾಮಾನು ಹಂಚೂದು, ಮನಿ ನೋಡ್ಕೋ ಅಂತ ಒಬ್ಬರಿಗಿ ಒಪ್ಪಿಸೂದು, ಇದು ತ್ಯಾಗ ಅಲ್ಲ. ಜೀವದ ಆಶಾ ಬಿಟ್ಟವರು ಮಾಡೂದು. ಅವರನ್ನ ಒಂದು ಗಳಿಗಿನೂ ಒಬ್ಬರನ್ನೇ ಬಿಡಬ್ಯಾಡ. ಪಾದಪೂಜಿ ಗೀದಪೂಜಿ ಎಲ್ಲಾ ಗಟಾರಿಗಿ ಹಾಕು. ನಾಳೆ ಡಾಕ್ಟರ್ ಮಧ್ಯಾಹ್ನದ ತನಕ ಅಷ್ಟೇ ಇರ್ತಾರ. ಮುಂಜಾನೆ ಬಸ್ಸಿಗಿ ಬಾ.”

ಆ ರಾತ್ರಿ ಯಶೋದಾಬಾಯಿ ಹಾಸಿಗೆ ಹಾಸಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

ಬೆಳಗಾಗುವ ಹೊತ್ತಿಗೆ ತುಳಜಾರಾಮ ಅಂಗಳಕ್ಕೆ ಶಾಮಿಯಾನ ತರಿಸಿದ್ದ. “ದವಾಖಾನಿಗಿ ಹೋಗಬೇಕ್ರಿ ಅಣ್ಣಾರ,” ಎಂದಾಗ ಅವನು ಮಗುವಿಗೆ ಹೇಳುವಂತೆ ಹೇಳಿದ: “ತಂಗಿ, ಅವರಿಗಿ ಆಗಿದ್ದು ರೋಗ ಅಲ್ಲ, ಯೋಗ. ಪೂಜಿ ಮುಗೀಲಿ, ಬುಧವಾರ ಹೋಗಿಬರ್ರಿ.”

“ಡಾಕ್ಟರ್ ಬುಧವಾರ ಇರಂಗಿಲ್ರಿ.”

“ಹಂಗಾದ್ರ ಗುರುವಾರ. ಗುರುವಾರ ಇನ್ನೂ ಛಲೋ.”

ಗೋಡೆಗೆ ತಲೆ ಚಚ್ಚಿಕೊಳ್ಳೋಣ ಎನಿಸಿತು ಅವಳಿಗೆ. ಗೋಡೆ ಮಾರುತಿಯ ವಶದಲ್ಲಿತ್ತು. ಅವಳು ಶಾಮಿಯಾನದ ಕಂಬಕ್ಕೆ ಹಗ್ಗ ಬಿಗಿಯುವ ಗದ್ದಲ ಏಳುವವರೆಗೆ ಕಾದು, ಗಂಡನ ಕೈ ಹಿಡಿದು ಹಿತ್ತಲ ಬಾಗಿಲಿನಿಂದ ಹೊರಬಿದ್ದಳು. ಅವನು ಎಲ್ಲಿಗೆ ಅಂತಲೂ ಕೇಳಲಿಲ್ಲ. ಅದೇ ಅವಳಿಗೆ ತಾಳಲಾರದ್ದು. ಯಾರು ಕೈ ಹಿಡಿದರೆ ಅವರ ಜೊತೆ ಹೋಗುತ್ತಾನೆ. ಗಟಾರಿಗೆ ಕರೆದರೂ ಹೋಗುತ್ತಾನೆ, ಗದ್ದುಗೆಗೆ ಕರೆದರೂ ಹೋಗುತ್ತಾನೆ.

ಬಸ್ಸು ತುಂಬಿ ತುಳುಕುತ್ತಿತ್ತು. ಎರಡು ಸೀಟು ಸಿಕ್ಕಿದ್ದೇ ದೊಡ್ಡದು. ಕಂಡಕ್ಟರ್ ಬಂದು ಅವಳ ಆಧಾರ್ ನೋಡಿ ಬಿಟ್ಟಿ ಚೀಟಿ ಹರಿದ. ಮಾರುತಿಯ ಕಡೆ ನೋಡಿ, “ಇವರಿಗಿ?” ಎಂದ.

ಹಿಂದಿನ ಸೀಟಿನಿಂದ ಒಬ್ಬ ಮುದುಕ ಎದ್ದ. “ಏ, ಅವರು ಮಾರುತಿ ಮಹಾರಾಜರಪಾ! ಅವರಿಗಿ ಟಿಕೀಟ್ ಕೇಳ್ತೀಯೇನು?”

“ಸರ್ಕಾರ ಹೆಂಗಸರಿಗಿ ಫ್ರೀ ಮಾಡ್ಯಾದ. ಮಹಾರಾಜರಿಗಿ ಮಾಡಿದ್ದು ನನಗ ಆರ್ಡರ್ ಬಂದಿಲ್ರಿ.”

“ಪಾಪ ಹತ್ತತದ ನಿನಗ!”

“ಚೆಕಿಂಗ್‌ನವರು ಹತ್ತಿದ್ರ ನೌಕರಿನೇ ಹೋಗತದ. ಪಾಪ ಸಾವಕಾಶ ಹತ್ತಲಿ.”

“ಟಿಕೀಟ್ ಕೊಡ್ರಿ, ಕೊಡ್ರಿ,” ಯಶೋದಾಬಾಯಿ ನೋಟು ಚಾಚಿದಳು. “ಮಹಾರಾಜ ಇಲ್ಲ ಮಣ್ಣೂ ಇಲ್ಲ. ಮೋಟರ್ ರಿಪೇರಿ ಅವರು.” ಮುದುಕ ಅವಳನ್ನು ಮಹಾಪಾತಕಿಯನ್ನು ನೋಡುವಂತೆ ನೋಡಿದ. ಮಾರುತಿ ಕಿಟಕಿಯ ಸರಳು ನೋಡುತ್ತಿದ್ದ.

ರಾಜೇಶ್ವರ ಬಂತು. “ಯಾರ್ರೀ ರಾಜೇಸೂರ, ರಾಜೇಸೂರ! ಮುಂದ ಬರ್ರಿ, ಬಾಗಲಾಗ ನಿಂದರಬ್ಯಾಡ್ರಿ!” ಇಳಿಯುವವರು ಇಳಿಯುತ್ತಿದ್ದಾಗ ಯಶೋದಾಬಾಯಿ ರಸ್ತೆಯಾಚೆ ನೋಡಿ ಸೆರಗು ಮುಖಕ್ಕೆ ಎಳೆದುಕೊಂಡಳು. ಅಲ್ಲಿ ಕಲ್ಯಾಣದ ಬಸ್ಸಿಗೆ ಕಾಯುತ್ತ ಪಂಡರಿ ನಿಂತಿದ್ದ. ಜೊತೆಗೆ ಹತ್ತು ಹನ್ನೆರಡು ಜನ, ತಾಳ, ಚೆಂಡುಹೂವಿನ ಹಾರ. ಪಾದಪೂಜೆಯ ತಂಡ! ತನ್ನ ಮುಖವನ್ನೇನೋ ಮುಚ್ಚಿಕೊಂಡಳು, ಮಹಾರಾಜರ ಗಡ್ಡ ಮುಚ್ಚಲು ಸೆರಗು ಸಾಲಲಿಲ್ಲ.

“ಅರೇ! ಮಹಾರಾಜರು! ನಾವ್ ಹೋಗೂಕ ಮೊದಲ ಅವರ ನಮ್ಮೂರಿಗಿ ಬಂದ್ರೋ!”

ಮುಂದಿನದು ಅವಳ ಕೈಮೀರಿ ನಡೆಯಿತು. ತಾಳ ಮೊಳಗಿತು. ಇಬ್ಬರು ಹತ್ತಿ ಮಾರುತಿಯ ತೋಳು ಹಿಡಿದರು. ಮಾರುತಿ ಎದ್ದ, ಇಳಿದ, ಕೊರಳು ಚಾಚಿ ಹಾರ ಹಾಕಿಸಿಕೊಂಡ. ಯಶೋದಾಬಾಯಿ ಮೊಣಕೈಯಿಂದ ತಿವಿಯುತ್ತ ಬಾಗಿಲಿಗೆ ಬರುವಷ್ಟರಲ್ಲಿ ಮೆರವಣಿಗೆ ಊರೊಳಗಿನ ದಾರಿ ಹಿಡಿದಿತ್ತು.

“ನಿಂದರ್ರಿ! ದವಾಖಾನಿಗಿ ಹೊಂಟೀವಿ ನಾವು! ಅವರಿಗಿ ಆರಾಮಿಲ್ರಿ!”

“ಅವರಿಗಿ ಆರಾಮಿಲ್ಲಂದ್ರ ಮತ್ಯಾರಿಗಿ ಆರಾಮಕ್ಕ? ಎಷ್ಟ್ ಶಾಂತ ಅದಾರ ನೋಡು!”

ಹಿಂದೆ ಕಂಡಕ್ಟರ್ ಸೀಟಿ ಊದುತ್ತಿದ್ದ. “ಅಕ್ಕಾ, ಬರೂದಾದ್ರ ಜಲ್ದಿ ಬರ್ರಿ! ಮಹಾರಾಜರು ಅಂತ ನಿಂದರಿಸಿದ್ರ ನನ್ನ ಟೈಮ್ ಹೋಗತದ!”

ಡಾಕ್ಟರು ಮಧ್ಯಾಹ್ನದ ತನಕ ಅಷ್ಟೆ. ಈ ಬಸ್ಸು ತಪ್ಪಿದರೆ ಮತ್ತೊಂದು ಯಾವಾಗಲೋ. ಈ ಮಂಗಳವಾರ ತಪ್ಪಿದರೆ ಮತ್ತೊಂದು ಮಂಗಳವಾರ ಇರುತ್ತದೋ ಇಲ್ಲವೋ. ಅತ್ತರೂ ಈ ಜನ ಕೇಳುವುದಿಲ್ಲ, ಬೈದರೂ ಕೇಳುವುದಿಲ್ಲ. ಯಶೋದಾಬಾಯಿ ರಸ್ತೆಯ ಮಧ್ಯದಲ್ಲಿ ನಿಂತಳು. ಮೂಗಿನಲ್ಲಿ ಉಸಿರು ಹಿಡಿದಳು. ಕತ್ತು ಓರೆ ಮಾಡಿದಳು.

“ಆಹಾಹಾ!”

ತಾಳ ನಿಂತಿತು. ಸಾಕ್ಷಾತ್ ತುಳಜಾರಾಮನೇ ಬಂದನೇನೋ ಎಂದು ಇಬ್ಬರು ಹಿಂದೆ ಮುಂದೆ ನೋಡಿದರು.

“ಎಂಥಾ ಅಜ್ಞಾನಿಗಳು ನೀವು! ಮಹಾರಾಜರು ಹುಮನಾಬಾದಿನ ಸಂಕಲ್ಪ ಮಾಡ್ಯಾರ! ನಡುದಾರ್ಯಾಗ ಅಡ್ಡ ನಿಂತು ಸಂಕಲ್ಪ ಮುರೀತೀರೇನು? ಮುರದವನ ಮನಿ ಉದ್ಧಾರ ಆಗತದೇನು?”

ಕೈಗಳು ತೋಳು ಬಿಟ್ಟವು. ದಾರಿ ತೆರೆಯಿತು. ಹಾರಸಮೇತ ಮಾರುತಿ ಬಸ್ಸು ಹತ್ತಿದ. ಅವಳಿಗೆ ಗೆದ್ದೆ ಅನಿಸಲಿಲ್ಲ, ಬಾಯಿ ಮುಕ್ಕಳಿಸಬೇಕು ಅನಿಸಿತು. ಕೂತು ನೋಡುತ್ತಾಳೆ, ಪಂಡರಿಯೂ ಹತ್ತಿದ್ದಾನೆ. “ಸಂಕಲ್ಪದ ಸೇವಾ ಮಾಡ್ತೀನಕ್ಕ,” ಎಂದು ಹಲ್ಲು ಬಿಟ್ಟ. ಹುಮನಾಬಾದ್ ಬರುವವರೆಗೂ ಅವನು ಬದುವಿನ ರಾಜಿಯ ಕಥೆಯನ್ನು ಇಡೀ ಬಸ್ಸಿಗೆ ಹೇಳಿದ.

ದವಾಖಾನೆಯ ಬಾಗಿಲಲ್ಲಿ ವರ್ಷಾ ಕಾದಿದ್ದಳು. ಹಾರ ನೋಡಿದಳು, ಪಂಡರಿಯನ್ನು ನೋಡಿದಳು, ಚಿಕ್ಕಮ್ಮನ ಮುಖ ನೋಡಿ ಏನೂ ಕೇಳದೆ ಒಳಗೆ ಬಿಟ್ಟಳು. ಡಾಕ್ಟರ್ ಸರ್ವರಿ ನಡುವಯಸ್ಸಿನ ಹೆಂಗಸು, ಅವಸರವಿಲ್ಲದ ದನಿ. ಮಾರುತಿಯನ್ನು ಎದುರು ಕೂಡಿಸಿಕೊಂಡು, ಹೆಸರು ಕೇಳಿ, ಕಸುಬು ಕೇಳಿ, ನಿದ್ದೆ ಊಟ ಕೇಳಿದಳು. ಮಾರುತಿ ಮೇಜಿನ ಕಾಲು ನೋಡುತ್ತಿದ್ದ. ಯಶೋದಾಬಾಯಿ ಉತ್ತರಿಸಿದಳು. ಹೊರಗಿರು ಎಂದರೂ ಬಾಗಿಲಲ್ಲೇ ನಿಂತ ಪಂಡರಿ ಪ್ರತಿ ಉತ್ತರಕ್ಕೂ ಭಕ್ತಿಯಿಂದ ತಲೆದೂಗುತ್ತಿದ್ದ.

“ಇವರ್ಯಾರು?” ಎಂದಳು ಡಾಕ್ಟರ್.

“ಭಕ್ತ್ರು,” ಎಂದಳು ಯಶೋದಾಬಾಯಿ, ಹಲ್ಲು ಕಚ್ಚಿ.

ಪಂಡರಿಗೆ ಅಷ್ಟು ಸಾಕಿತ್ತು. “ನಿಮಗ ಗೊತ್ತಿಲ್ರಿ ಡಾಕ್ಟರಮ್ಮ, ಇವರ ಒಂದೊಂದ್ ಮಾತೂ ಒಂದೊಂದ್ ಮುತ್ತು! ಹೋದ ವಾರ ನನ್ನ ಮುಂದ ಹೇಳ್ಯಾರ, ‘ಪಂಡರಿ, ಇನ್ನ ಭಾಳ ದಿನ ಇಲ್ಲ. ಎಲ್ಲಾ ಸುಮ್ನ ಆಗತದ. ನಾ ಯಾರಿಗೂ ಭಾರ ಆಗಂಗಿಲ್ಲ’ ಅಂತ. ಎಂಥಾ ಜ್ಞಾನ ನೋಡ್ರಿ! ನಾ ಅಲ್ಲೇ ಅಡ್ಡ ಬಿದ್ದು ಪಾದಾ ಹಿಡದೆ.”

ಡಾಕ್ಟರ್ ಪೆನ್ನು ಕೆಳಗಿಟ್ಟಳು. “ಮತ್ತೊಮ್ಮಿ ಹೇಳ್ರಿ ಅದನ್ನ.”

“ಇನ್ನ ಭಾಳ ದಿನ ಇಲ್ಲ, ಎಲ್ಲಾ ಸುಮ್ನ ಆಗತದ...” ಎರಡನೇ ಸಲ ಹೇಳುವಾಗ ಪಂಡರಿಯ ದನಿ ಅರ್ಧಕ್ಕೆ ನಿಂತಿತು. ಬಾಯಿ ತೆರೆದೇ ಇತ್ತು, ನಗು ಮಾತ್ರ ಅಲ್ಲಿರಲಿಲ್ಲ. ಅವನು ಮೆಲ್ಲಗೆ ಮಾರುತಿಯ ಮುಖ ನೋಡಿದ. ಇಷ್ಟು ದಿನ ಪಾದವನ್ನಷ್ಟೇ ನೋಡಿದ್ದವನು.

ಡಾಕ್ಟರ್ ಕುರ್ಚಿ ಮುಂದೆಳೆದುಕೊಂಡಳು. “ಮಾರುತಿಯವರ, ನೇರ ಕೇಳ್ತೀನಿ. ಸತ್ತು ಹೋಗಬೇಕು ಅನ್ನೂ ವಿಚಾರ ಮನಸಿನಾಗ ಬರತದೇನ್ರಿ?”

ಕೇಳಬಾರದ್ದನ್ನು ಕೇಳಿದಳಲ್ಲ ಎಂದು ಯಶೋದಾಬಾಯಿ ಕುರ್ಚಿಯ ಅಂಚು ಹಿಡಿದಳು. ಮಾರುತಿಯ ಕಣ್ಣು ಮೇಜಿನ ಕಾಲಿನಿಂದ ಸಾವಕಾಶ ಮೇಲೆ ಬಂತು.

“ಹೌದ್ರಿ,” ಎಂದ. “ದಿನಾ ಬರತದ.” ಆಮೇಲೆ, “ಇಲ್ಲೀತನಕ ಯಾರೂ ಕೇಳಿಲ್ರಿ ಅದನ್ನ.”

ಸುತ್ತ ಅಷ್ಟು ಜನ, ಅಷ್ಟು ಪ್ರಶ್ನೆ! ಮದುವೆ ಯಾವಾಗ, ಮಳೆ ಯಾವಾಗ, ಕೋರ್ಟಿಗೆ ಹೋಗಲೋ ಬೇಡವೋ. ಯಶೋದಾಬಾಯಿ ತಾನು ಕೇಳಿದ್ದೇನೆಂದು ನೆನೆಸಿಕೊಂಡಳು: ಮಾರಿ ಯಾಕ ತೊಳ್ಕೊಂಡಿಲ್ಲ, ಅಂಗಡಿ ಯಾಕ ತೆರೆದಿಲ್ಲ. ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು, ಯಾರ ಮೇಲೆ ಅಂತ ತಿಳಿಯದ ಸಿಟ್ಟು.

ಡಾಕ್ಟರ್ ಮಾರುತಿಯ ಜೊತೆ ಬಹಳ ಹೊತ್ತು ಒಬ್ಬಳೇ ಮಾತಾಡಿ, ಆಮೇಲೆ ಯಶೋದಾಬಾಯಿಯನ್ನು ಕರೆದಳು. “ಇದು ತೀವ್ರ ನಮೂನಿ ಖಿನ್ನತೆ. ಔಷಧಕ್ಕ ಬಗ್ಗತದ. ಆದ್ರ ಗುಳಿಗಿ ಇವತ್ತು ನುಂಗಿದ್ರ ನಾಳೆ ಗುಣ ಆಗೂದಲ್ಲ; ಎರಡು ಮೂರು ವಾರ ಹಿಡೀತದ. ಅಲ್ಲೀತನಕ ಇವರನ್ನ ಒಬ್ಬರನ್ನೇ ಬಿಡಂಗಿಲ್ಲ. ಅಪಾಯ ಅನ್ನೂ ಸಾಮಾನು ಕೈಗಿ ಸಿಗಬಾರದು, ಗುಳಿಗಿ ನಿಮ್ಮ ಕೈಯಾಗ ಇರಬೇಕು. ಹಗಲೂ ರಾತ್ರಿ ಯಾರರ ಒಬ್ಬರು ಮಗ್ಗಲಾಗ ಬೇಕು. ಮನ್ಯಾಗ ಅಷ್ಟು ಮಂದಿ ಇಲ್ಲಂದ್ರ ಇವತ್ತೇ ಬೀದರಿಗಿ ಕಳಸಿ ಅಡ್ಮಿಟ್ ಮಾಡ್ಸತೀನಿ. ಮಂದಿ ಅದಾರೇನ್ರಿ?”

ಯಶೋದಾಬಾಯಿಗೆ ನಗು ಬಂತು. ಬರಬಾರದ ಜಾಗದಲ್ಲಿ, ತಡೆಯಲಾರದಂತೆ ಬಂತು. “ಮಂದೀನ್ರಿ? ಹೊರಗ ಹಾಕಿದ್ರೂ ಹೋಗಲಾರದ ಮಂದಿ ಅದಾರ್ರಿ ನಮ್ಮ ಮನ್ಯಾಗ.”

“ಹಂಗಾದ್ರ ಅವರ ಕೈಲೇ ಕೆಲಸಾ ತಗೊಳ್ರಿ. ದಿನಾ ವರ್ಷಾಗ ಫೋನ್ ಮಾಡ್ರಿ. ಒಂದೀಟು ಹೆಚ್ಚುಕಮ್ಮಿ ಅನಿಸಿದ್ರೂ ಮಂಗಳವಾರದ ಹಾದಿ ನೋಡಬ್ಯಾಡ್ರಿ, ಸೀದಾ ಬೀದರಿಗಿ ಒಯ್ರಿ.”

ವಾಪಸ್ ಬಸ್ಸಿನಲ್ಲಿ ಪಂಡರಿ ಬದುವಿನ ಕಥೆ ಹೇಳಲಿಲ್ಲ. ರಾಜೇಶ್ವರ ಬಂದಾಗ ಇಳಿಯಲೂ ಇಲ್ಲ.

ಕಲ್ಯಾಣದ ಮನೆಯಲ್ಲಿ ಶಾಮಿಯಾನದ ಕೆಳಗೆ ಭಜನಾ ಮಂಡಳಿ ಬಿಸಿಲಿಗೆ ಬಾಡಿ ಕೂತಿತ್ತು. ತುಳಜಾರಾಮ ಆರತಿ ತಟ್ಟೆ ಹಿಡಿದು ಓಡಿಬಂದ. ಯಶೋದಾಬಾಯಿ ಉಫ್ ಎಂದು ಊದಿ ಅದನ್ನು ಆರಿಸಿಬಿಟ್ಟಳು. ಮಂದಿ ಹೌಹಾರಿತು.

“ಪೂಜಿ ಮುಗೀತು. ಇವರಿಗಿ ಬೀಮಾರಿ ಆಗ್ಯಾದ. ಡಾಕ್ಟರ್ ಹೇಳ್ಯಾರ. ಗುಳಿಗಿ ಕೊಟ್ಟಾರ. ಇನ್ನ ಯಾರೂ ಪಾದಾ ಮುಟ್ಟಂಗಿಲ್ಲ, ಅಡ್ಡ ಬೀಳಂಗಿಲ್ಲ, ಭವಿಷ್ಯ ಕೇಳಂಗಿಲ್ಲ. ಆದ್ರ ಇವರ ಮಗ್ಗಲಾಗ ಸರದಿ ಪ್ರಕಾರ ಒಬ್ಬೊಬ್ಬರು ಕುಂಡರಬೇಕು. ಯಾರ್ ಕುಂಡರ್ತೀರಿ?”

“ಏ ತಂಗಿ, ಹುಚ್ಚರ ಡಾಕ್ಟರ್‌ ಹತ್ರ ಒಯ್ದಿದ್ದೇನು? ಮಹಾರಾಜರನ್ನ?” ಎಂದು ಒಬ್ಬ ಟೋಪಿ ಹಾಕಿಕೊಂಡು ಎದ್ದ. ಅವನ ಹಿಂದೆ ಮತ್ತಿಬ್ಬರು ಚಪ್ಪಲಿ ಹುಡುಕಿದರು. ಭಕ್ತಿಗೆ ಸರದಿ ಹಾಕಿದ ಕೂಡಲೇ ಅರ್ಧ ಅಂಗಳ ಖಾಲಿಯಾಯಿತು. ತುಳಜಾರಾಮನ ಮುಖ ಕೆಂಪಗಾಗಿತ್ತು. “ಯಶೋದಾಬಾಯಿ, ನಿನಗ ಅವರ ಮಾತಿನ ಅರ್ಥ ತಿಳಿಯಂಗಿಲ್ಲ. ಅದಕ್ಕ...”

“ತುಳಜಾರಾಮಣ್ಣಾ,” ಎಂದ ಪಂಡರಿ. ಅವನು ಇನ್ನೂ ಬಾಗಿಲ ಹೊರಗೇ ನಿಂತಿದ್ದ. “ಇನ್ನ ಭಾಳ ದಿನ ಇಲ್ಲ, ನಾ ಯಾರಿಗೂ ಭಾರ ಆಗಂಗಿಲ್ಲ, ಹಂಗಂದಿದ್ರಲ್ಲ. ಅದರ ಅರ್ಥ ಅವರು ಸಾಯಾಕ ಹೊಂಟಿದ್ರು ಅಂತ. ಡಾಕ್ಟರಮ್ಮನ ಮುಂದ ಅವರ ಬಾಯಿಲೆ ಹೇಳ್ಯಾರ. ನಾ ಪಾದಾ ಹಿಡದು ನಗಾಕತ್ತಿದ್ದೆ, ಅಣ್ಣಾ.”

ತುಳಜಾರಾಮನ ಕೈಯಲ್ಲಿದ್ದ ತಟ್ಟೆ ವಾಲಿ ಕುಂಕುಮ ಕೆಳಗೆ ಸುರಿಯಿತು. ಅವನು ಮಾರುತಿಯ ಕಡೆ ನೋಡಿದ, ಬೇರೆ ಕಡೆ ನೋಡಿದ. “ನನ್ನ ಮುಂದೂ ಅಂದಿದ್ರು,” ಎಂದ ಕೊನೆಗೆ. “ನಾ ಅದಕ... ಅರ್ಧಾ ತಾಸು ಅರ್ಥ ಹೇಳಿದ್ದೆ.”

ಯಾರೂ ಆಹಾಹಾ ಅನ್ನಲಿಲ್ಲ. ಯಶೋದಾಬಾಯಿಗೆ ಬೈಯಲು ಬಹಳ ಬೈಗುಳಗಳಿದ್ದವು, ಹುಮನಾಬಾದಿನಿಂದ ಒಂದೊಂದಾಗಿ ಜೋಡಿಸಿಕೊಂಡು ಬಂದಿದ್ದಳು. ಆದರೆ ಬೈದರೆ ಇವನೂ ಎದ್ದು ಹೋಗುತ್ತಾನೆ. ನುಂಗಿಕೊಂಡಳು.

“ಬಸ್ಸಿನ್ಯಾಗಿಂದ ಫೋನ್ ಮಾಡೀನಿ, ರಾತ್ರಿಗಿ ರಜಾಕ್ ಭಾಯಿ ಬರ್ತೀನಿ ಅಂದಾರ. ಸಂಜೀತನಕ ನೀವು ಕುಂಡರ್ರಿ ಅಣ್ಣಾರ.”

“ಕುಂತು ಏನ್ ಮಾಡ್ಲಿ?”

“ನಿಮಗ ಬರೂದೇ ಮಾಡ್ರಿ. ಮಾತಾಡ್ರಿ.”

ತುಳಜಾರಾಮ ಪಡಸಾಲೆಗೆ ಹೋಗಿ, ಎದುರಿಗಲ್ಲ, ಮಾರುತಿಯ ಮಗ್ಗುಲಿಗೆ ಕೂತ. ಗಂಟಲು ಸರಿಮಾಡಿಕೊಂಡ. ಕಾರ್ಖಾನೆಯಲ್ಲಿ ಮೊದಲ ದಿನ ತಾನು ಸೈರನ್ನನ್ನು ತಪ್ಪು ಹೊತ್ತಿಗೆ ಊದಿಸಿ, ಎಲ್ಲರೂ ಅರ್ಧಕ್ಕೇ ಮನೆಗೆ ಹೊರಟದ್ದನ್ನು ಹೇಳತೊಡಗಿದ. ಗಲ್ಲಿಯಲ್ಲಿ ಆ ಕಥೆ ಕೇಳದವರು ಯಾರೂ ಇರಲಿಲ್ಲ. ಕೇಳಿ ನಕ್ಕವರೂ ಯಾರೂ ಇರಲಿಲ್ಲ. ಯಶೋದಾಬಾಯಿ ಗಂಡನಿಗೆ ಗುಳಿಗೆ ಕೊಟ್ಟು, ಅವನು ನುಂಗುವವರೆಗೆ ನಿಂತು, ಬಾಯಿ ತೆರೆಸಿ ನೋಡಿದಳು. ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಳಗೆ ಹೋಗಿ ಅಡುಗೆಮನೆಯ ಬರಿನೆಲಕ್ಕೆ ಮೈಚಾಚಿದಳು.

ಹೊರಗಿನ ದನಿ ಗಿರಣಿಯ ಪಟ್ಟಿಯ ಹಾಗೆ ಒಂದೇ ಸಮನೆ ತಿರುಗುತ್ತಿತ್ತು. ಮ್ಯಾನೇಜರ್ ಬಂದ, ಮ್ಯಾನೇಜರ್ ಹೀಗಂದ, ನಾನು ಹಾಗಂದೆ. ದೇವರೇ, ಆರೋಗ್ಯವಂತರಿಗೂ ಜೀವ ಬೇಸರವಾಗುವಂಥ ಕಥೆ. ಅವಳ ಕಣ್ಣು ಎಳೆಯುತ್ತಿದ್ದವು.

ದನಿ ನಿಂತಿತು.

ಯಶೋದಾಬಾಯಿ ಎದ್ದು ಕೂತಳು. “ಅಣ್ಣಾರ!”

“ಏನಿಲ್ಲವ್ವ, ನೀರು ಕುಡ್ಯಾಕತ್ತೀನಿ. ಅವರು ಇಲ್ಲೇ ಅದಾರ.”

“ಹೂಂ, ಕುಡೀರಿ. ಕುಡದು ಮುಂದ ಹೇಳ್ರಿ. ನಿಲ್ಲಿಸಬ್ಯಾಡ್ರಿ.”

“ಮುಗೀತಲ್ಲವ್ವ ಕಥಿ.”

“ಮುಗದ್ರ ಮೊದಲಿನಿಂದ ಹೇಳ್ರಿ.”